ಒಂದೇ ದ್ವಾರ, ಹಲವು ವಿಳಾಸ: ಸರ್ವರಿನ ಒಂದು ಇಂಟರ್‌ಫೇಸಿಗೆ ಹಲವು ಐಪಿ ವಿಳಾಸಗಳು

ಕನ್ನಡ ಐಚ್ಛಿಕ ವಿಷಯವನ್ನು ಅಭ್ಯಾಸ ಮಾಡುವವರಿಗೆ ಒಂದೇ ವಸ್ತುವಿಗೆ ಹಲವು ವಿಳಾಸಗಳಿರುವುದು ಹೊಸ ಸಂಗತಿಯಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಮುನಿಯ ಸ್ಮರಣೆಗಾಗಿ ನಿಲ್ಲಿಸಿದ, ಕ್ರಿ.ಶ. 1129ರ ಪ್ರಶಸ್ತಿ ಶಾಸನವಿದೆ. ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನ ಸಂಪುಟದಲ್ಲಿ ಅದರ ಸಂಖ್ಯೆ 54. ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ ಅದೇ ಶಾಸನದ ಸಂಖ್ಯೆ 67. ರೈಸರ ಸಂಪುಟದಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಸಂಪುಟದಲ್ಲಿ 573 ಆದವು. ಶಾಸನಗಳು ಹೆಚ್ಚಿದಂತೆ ಅವುಗಳ ಕ್ರಮವೂ ಸಂಖ್ಯೆಯೂ ಬದಲಾದವು. ಕಲ್ಲು ಮಾತ್ರ ನಿಂತಲ್ಲಿಯೇ ನಿಂತಿದೆ.

ಹಳೆಯ ಲೇಖನವೊಂದರ ಅಡಿಟಿಪ್ಪಣಿಯಲ್ಲಿ ‘ಶ್ರವಣಬೆಳಗೊಳ 54’ ಎಂದು ಓದಿದ ವಿದ್ಯಾರ್ಥಿಯು ಹೊಸ ಸಂಪುಟವನ್ನು ತೆರೆದು 54ನೆಯ ಶಾಸನವನ್ನು ಹುಡುಕಿದರೆ ಬೇರೊಂದು ಶಾಸನ ಎದುರಾಗುತ್ತದೆ. ಆದ್ದರಿಂದಲೇ ವಿದ್ವಾಂಸರು ‘67 (54)’ ಎಂಬಂತೆ ಹೊಸ ಸಂಖ್ಯೆಯೊಡನೆ ಹಳೆಯದನ್ನೂ ಬರೆಯುವ ರೂಢಿಯನ್ನು ಬೆಳೆಸಿದರು. ಹೊಸ ವಿಳಾಸವನ್ನು ಕೊಡುವುದು ಸುಲಭ. ಹಳೆಯ ವಿಳಾಸವನ್ನು ಹಿಡಿದು ಬರುವ ಓದುಗನಿಗೂ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ಹೊಣೆಯ ಕೆಲಸ. ಗಣಕಜಾಲದಲ್ಲಿ ಈ ಹೊಣೆಯನ್ನು ನಿರ್ವಹಿಸುವ ಒಂದು ವಿಧಾನವೆಂದರೆ ಸರ್ವರಿನ ಒಂದೇ ನೆಟ್‌ವರ್ಕ್ ಇಂಟರ್‌ಫೇಸಿಗೆ ಒಂದಕ್ಕಿಂತ ಹೆಚ್ಚು ಐಪಿ ವಿಳಾಸಗಳನ್ನು ಕೊಡುವುದು. ಅದರ ಸ್ವರೂಪವನ್ನೂ ಕ್ರಮವನ್ನೂ ಮಿತಿಯನ್ನೂ ತಿಳಿಯುವುದು ಈ ಪಾಠದ ಉದ್ದೇಶ. ಪಠ್ಯಗಳು, ಧ್ವನಿಮುದ್ರಿಕೆಗಳು, ಹಸ್ತಪ್ರತಿಗಳ ಚಿತ್ರಗಳು ದಿನದಿಂದ ದಿನಕ್ಕೆ ಸರ್ವರುಗಳನ್ನು ಸೇರುತ್ತಿರುವಾಗ ಇದು ಗಣಕ ವಿಜ್ಞಾನದವರಿಗೆ ಮಾತ್ರ ಬಿಟ್ಟುಬಿಡಬಹುದಾದ ವಿಷಯವಲ್ಲ.

ವಿಳಾಸ ಯಾರದು?

ಐಪಿ ವಿಳಾಸವು ಗಣಕಕ್ಕೆ ಸೇರಿದ್ದೆಂದು ನಾವು ವಾಡಿಕೆಯಲ್ಲಿ ಹೇಳುತ್ತೇವೆ. ಶಾಸ್ತ್ರೀಯವಾಗಿ ಅದು ಸರಿಯಲ್ಲ. ಗಣಕವನ್ನು ಜಾಲಕ್ಕೆ ಜೋಡಿಸುವ ದ್ವಾರವೇ ನೆಟ್‌ವರ್ಕ್ ಇಂಟರ್‌ಫೇಸ್. ವಿಳಾಸವನ್ನು ಕೊಡುವುದು ಆ ದ್ವಾರಕ್ಕೆ. ಒಂದು ಮನೆಗೆ ಎರಡು ಬೀದಿಗಳ ಕಡೆಗೆ ಎರಡು ಬಾಗಿಲುಗಳಿರುವಂತೆ ಒಂದು ಗಣಕಕ್ಕೆ ಎರಡು ಇಂಟರ್‌ಫೇಸುಗಳಿರಬಹುದು. ಒಂದೇ ಬಾಗಿಲಿನ ಮೇಲೆ ಎರಡು ಫಲಕಗಳನ್ನು ತೂಗುಹಾಕುವಂತೆ ಒಂದು ಇಂಟರ್‌ಫೇಸಿಗೆ ಎರಡು ವಿಳಾಸಗಳೂ ಇರಬಹುದು. ನಮ್ಮ ವಿಷಯ ಈ ಎರಡನೆಯದು.

1981ರಲ್ಲಿ ಪ್ರಮಾಣೀಕೃತವಾದ ಐಪಿಯ ನಾಲ್ಕನೆಯ ಆವೃತ್ತಿಯಲ್ಲಿ ವಿಳಾಸವು 32 ಬಿಟ್‌ಗಳ ಸಂಖ್ಯೆ. ಓದಲು ಅನುಕೂಲವಾಗಲೆಂದು ಅದನ್ನು 0ಯಿಂದ 255ರವರೆಗಿನ ನಾಲ್ಕು ಅಂಕಿಗಳಾಗಿ ಒಡೆದು, ನಡುವೆ ಚುಕ್ಕಿಯಿಟ್ಟು 192.168.10.25 ಎಂಬಂತೆ ಬರೆಯುತ್ತೇವೆ. ಇದರ ಮುಂದೆ /24 ಎಂದು ಸೇರಿಸಿದರೆ ಮೊದಲ 24 ಬಿಟ್‌ಗಳು ಜಾಲವನ್ನೂ ಉಳಿದ 8 ಬಿಟ್‌ಗಳು ಆ ಜಾಲದೊಳಗಿನ ಇಂಟರ್‌ಫೇಸನ್ನೂ ಸೂಚಿಸುತ್ತವೆ ಎಂದರ್ಥ. ಊರಿನ ಹೆಸರೂ ಮನೆಯ ಸಂಖ್ಯೆಯೂ ಒಂದೇ ಸಾಲಿನಲ್ಲಿ ಕೂಡಿಬಂದ ಹಾಗೆ.

ಇಂಟರ್‌ಫೇಸಿಗೆ ಇನ್ನೊಂದು ಗುರುತೂ ಇದೆ. ಅದು ತಯಾರಿಕೆಯ ವೇಳೆಯಲ್ಲಿಯೇ ಸಿಗುವ 48 ಬಿಟ್‌ಗಳ ಮ್ಯಾಕ್ ವಿಳಾಸ. ಐಪಿ ವಿಳಾಸವನ್ನು ನಾವು ಕೊಡುತ್ತೇವೆ, ಬದಲಿಸುತ್ತೇವೆ. ಮ್ಯಾಕ್ ವಿಳಾಸವು ಸಾಮಾನ್ಯವಾಗಿ ಯಂತ್ರದೊಡನೆಯೇ ಉಳಿಯುತ್ತದೆ. ಈ ಎರಡರ ಸಂಬಂಧವನ್ನು ಅರಿತರೆ ಒಂದು ದ್ವಾರ ಹಲವು ವಿಳಾಸಗಳನ್ನು ಹೇಗೆ ಹೊರುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಕರೆಗೆ ಓಗೊಡುವ ಬಗೆ

ಒಂದೇ ಜಾಲದಲ್ಲಿರುವ ಗಣಕವೊಂದು 192.168.10.5ಕ್ಕೆ ಸಂದೇಶ ಕಳುಹಿಸಬೇಕಾಗಿದೆ ಎಂದುಕೊಳ್ಳೋಣ. ಅದು ಮೊದಲು ಇಡೀ ಜಾಲಕ್ಕೆ ಕೇಳಿಸುವಂತೆ ‘192.168.10.5 ಯಾರು?’ ಎಂದು ಕೂಗುತ್ತದೆ. ಆ ವಿಳಾಸವನ್ನು ಹೊತ್ತ ಇಂಟರ್‌ಫೇಸು ‘ನಾನು’ ಎಂದು ತನ್ನ ಮ್ಯಾಕ್ ವಿಳಾಸವನ್ನು ತಿಳಿಸುತ್ತದೆ. 1982ರಲ್ಲಿ ರೂಪುಗೊಂಡ ಈ ವಿಧಾನಕ್ಕೆ ಎಆರ್‌ಪಿ ಎಂದು ಹೆಸರು. ಈಗ ಅದೇ ಇಂಟರ್‌ಫೇಸಿಗೆ 192.168.10.25 ಎಂಬ ಇನ್ನೊಂದು ವಿಳಾಸವನ್ನೂ ಕೊಟ್ಟರೆ ಎರಡು ಕರೆಗಳಿಗೂ ಅದು ಒಂದೇ ಮ್ಯಾಕ್ ವಿಳಾಸವನ್ನು ಹೇಳಿ ಓಗೊಡುತ್ತದೆ. ಮನೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇರುವ ಹುಡುಗನು ಎರಡು ಕೂಗಿಗೂ ತಿರುಗಿ ನೋಡುವಂತೆ.

ಇದರಿಂದ ಒಂದು ಮಿತಿಯೂ ಹೊರಡುತ್ತದೆ. ವಿಳಾಸ ಎರಡಾದರೂ ತಂತಿ ಒಂದೇ. ಆದ್ದರಿಂದ ಸಾಗಣೆಯ ಸಾಮರ್ಥ್ಯ ಇಮ್ಮಡಿಯಾಗುವುದಿಲ್ಲ. ತಂತಿ ಕಡಿದರೆ ಎರಡು ವಿಳಾಸಗಳೂ ಒಟ್ಟಿಗೇ ಮೌನವಾಗುತ್ತವೆ. ಹಲವು ವಿಳಾಸಗಳನ್ನು ಕೊಡುವುದು ಗುರುತಿನ ವ್ಯವಸ್ಥೆಯೇ ಹೊರತು ಬಲದ ವ್ಯವಸ್ಥೆಯಲ್ಲ.

ಒಂದು ಉದಾಹರಣೆ

ಮೆಟ್ಟುಪಾಳ್ಯಂ ಸಮೀಪದ ಸಿರುಮುಗೈಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರ ಕುಟುಂಬಗಳಿವೆ. ತಮಿಳಿನ ನಡುವೆ ತಲೆಮಾರುಗಳಿಂದ ಬದುಕಿದ ಈ ಮನೆಮಾತನ್ನು ಒಂದು ಕನ್ನಡ ವಿಭಾಗವು ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿ ಕಾಲೇಜಿನ ಒಳಜಾಲದ ಒಂದು ಗಣಕದಲ್ಲಿ ಇಟ್ಟಿದೆ ಎಂದು ಭಾವಿಸೋಣ. ಆ ಗಣಕದ ವಿಳಾಸ 192.168.10.5. ಮಗ್ಗದ ಭಾಗಗಳ ಹೆಸರು, ಮದುವೆಯ ಹಾಡು, ಅಜ್ಜಿಯರ ಗಾದೆ ಇವೆಲ್ಲ ಅಲ್ಲಿವೆ. ವಿದ್ಯಾರ್ಥಿಗಳು ತಮ್ಮ ಕಿರು ಪ್ರಬಂಧಗಳಲ್ಲಿ ಈ ಅಂಕಿಯನ್ನೇ ಆಕರವಾಗಿ ಬರೆದಿದ್ದಾರೆ. ಗ್ರಂಥಾಲಯದ ಗೋಡೆಯ ಮೇಲಿನ ಚೀಟಿಯಲ್ಲಿಯೂ ಅದೇ ಅಂಕಿ ಇದೆ.

ಗಣಕ ಹಳೆಯದಾಯಿತು. ಹೊಸ ಸರ್ವರ್ ಬಂತು. ಕಾಲೇಜಿನ ಜಾಲದ ಹೊಣೆ ಹೊತ್ತವರು ಸರ್ವರುಗಳಿಗೆಂದು ಗೊತ್ತುಮಾಡಿದ ಸಾಲಿನಲ್ಲಿ ಅದಕ್ಕೆ 192.168.10.25 ಎಂಬ ವಿಳಾಸವನ್ನು ಕೊಟ್ಟರು. ಕಡತಗಳೆಲ್ಲ ಹೊಸ ಯಂತ್ರಕ್ಕೆ ಬಂದವು, ಒಂದೂ ಕಳೆದುಹೋಗಲಿಲ್ಲ. ಆದರೂ ಹಿಂದಿನ ವರ್ಷದ ಪ್ರಬಂಧವನ್ನು ಓದಿ ಆ ಹಾಡನ್ನು ಕೇಳಲು ಹೊರಟವನಿಗೆ ಏನೂ ಸಿಗುವುದಿಲ್ಲ. ಹಾಡಿದ ಅಜ್ಜಿ ಈಗ ಇಲ್ಲದಿದ್ದರೆ, ಇನ್ನೊಮ್ಮೆ ಧ್ವನಿಮುದ್ರಿಸುವ ಅವಕಾಶವೂ ಇಲ್ಲ. ಇದ್ದೂ ಸಿಗದ ಪಠ್ಯಕ್ಕೂ ಇಲ್ಲದ ಪಠ್ಯಕ್ಕೂ ಓದುಗನ ಪಾಲಿಗೆ ವ್ಯತ್ಯಾಸವೇನು? ಹೊಸ ಸರ್ವರಿನ ಇಂಟರ್‌ಫೇಸಿಗೆ ಹಳೆಯ 192.168.10.5ನ್ನೂ ಎರಡನೆಯ ವಿಳಾಸವಾಗಿ ಕೊಡುವುದು ಇಲ್ಲಿನ ಪರಿಹಾರ.

ಕೊಡುವ ಕ್ರಮ

ಮೊದಲನೆಯದಾಗಿ, ಆ ವಿಳಾಸವು ಬೇರೆ ಯಾರ ಬಳಿಯೂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಗಣಕ ಇನ್ನೂ ಜಾಲದಲ್ಲಿದ್ದರೆ ಒಂದೇ ಕರೆಗೆ ಇಬ್ಬರು ಓಗೊಡುತ್ತಾರೆ. ಸಂದೇಶಗಳು ಒಮ್ಮೆ ಇತ್ತ, ಒಮ್ಮೆ ಅತ್ತ ಹೋಗಿ ಗೊಂದಲವಾಗುತ್ತದೆ. ಗಣಕಗಳಿಗೆ ತಾನಾಗಿಯೇ ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯು 192.168.10.5ನ್ನು ಮತ್ತೊಬ್ಬರಿಗೆ ಕೊಡದಂತೆಯೂ ಅದನ್ನು ಕಾದಿರಿಸಬೇಕು.

ಎರಡನೆಯದು ಆಜ್ಞೆ. ಲಿನಕ್ಸ್ ಸರ್ವರಿನಲ್ಲಿ ಇದಕ್ಕೆ ಬಳಸುವುದು ‘ಐಪಿ ಅಡ್ರೆಸ್ ಆಡ್’ ಎಂಬ ಆಜ್ಞೆ. ಅದರ ಮುಂದೆ 192.168.10.5/24 ಎಂಬ ವಿಳಾಸ; ಕೊನೆಯಲ್ಲಿ ‘ಡೆವ್’ ಎಂಬ ಪದ ಮತ್ತು ಇಂಟರ್‌ಫೇಸಿನ ಹೆಸರು. ಗಣಕದಲ್ಲಿ ಇವನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕು. ವ್ಯಾಕರಣ ಬಲ್ಲವರಿಗೆ ಈ ವಾಕ್ಯದ ರಚನೆ ಸ್ಪಷ್ಟವಾಗಿ ಕಾಣುತ್ತದೆ: ‘ಆಡ್’ ಕ್ರಿಯಾಪದ, ವಿಳಾಸವೇ ಕರ್ಮಪದ, ‘ಡೆವ್’ ನಮ್ಮ ಸಪ್ತಮೀ ವಿಭಕ್ತಿಯ ‘ಅಲ್ಲಿ’ ಎಂಬ ಪ್ರತ್ಯಯದ ಕೆಲಸವನ್ನು ಮಾಡುತ್ತದೆ. ‘ಈ ಇಂಟರ್‌ಫೇಸಿನಲ್ಲಿ ಈ ವಿಳಾಸವನ್ನು ಸೇರಿಸು’ ಎಂದು ಅರ್ಥ. ಹಿಂದೆ ಇಂಟರ್‌ಫೇಸಿನ ಹೆಸರಿನ ಮುಂದೆ ವಿಸರ್ಗದಂತೆ ಎರಡು ಚುಕ್ಕಿಯಿಟ್ಟು ಒಂದು ಅಂಕಿಯನ್ನು ಬರೆದು ‘ಅಲಿಯಾಸ್’ ಸೃಷ್ಟಿಸುವ ಪದ್ಧತಿಯಿತ್ತು. ಹಳೆಯ ಕೈಪಿಡಿಗಳಲ್ಲಿ ಅದು ಕಾಣಸಿಕ್ಕರೆ ಗಾಬರಿಯಾಗಬೇಕಿಲ್ಲ; ಉದ್ದೇಶ ಒಂದೇ.

ಮೂರನೆಯದು ಸ್ಥಿರತೆ. ಮೇಲಿನ ಆಜ್ಞೆ ಬಾಯಿಮಾತಿನಂತೆ. ಗಣಕ ಮರುಚಾಲನೆಗೊಂಡರೆ ಮರೆತುಹೋಗುತ್ತದೆ. ಬರಹದಲ್ಲಿ ಉಳಿಯಬೇಕಾದರೆ ಸಂರಚನಾ ಕಡತದಲ್ಲಿ ದಾಖಲಿಸಬೇಕು. ಉಬುಂಟು ಸರ್ವರಿನಲ್ಲಿ ನೆಟ್‌ಪ್ಲಾನ್ ಕಡತದ ವಿಳಾಸಗಳ ಪಟ್ಟಿಯಲ್ಲಿ ಒಂದರ ಕೆಳಗೊಂದರಂತೆ ಎರಡನ್ನೂ ಬರೆಯಬಹುದು. ರೆಡ್ ಹ್ಯಾಟ್ ಮೊದಲಾದವುಗಳಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಮೂಲಕ ಎರಡನೆಯ ವಿಳಾಸವನ್ನು ಕೂಡಿಸಬಹುದು. ವಿಂಡೋಸ್ ಸರ್ವರಿನಲ್ಲಿ ಇಂಟರ್‌ಫೇಸಿನ ಟಿಸಿಪಿ/ಐಪಿ ಮುಂದುವರಿದ ಸಂಯೋಜನೆಗಳ ಕಿಟಕಿಯಲ್ಲಿ ಅದಕ್ಕೆ ಅವಕಾಶವಿದೆ. ವಿಳಾಸಗಳು ಎರಡಾದರೂ, ಒಂದೇ ಜಾಲಕ್ಕೆ ಸೇರಿದ್ದರೆ ಹೊರಜಾಲಕ್ಕೆ ದಾರಿ ತೋರುವ ಗೇಟ್‌ವೇ ಒಂದೇ ಸಾಕು. ಎರಡು ಬರೆದರೆ ತೊಡಕೇ ಹೆಚ್ಚು.

ನಾಲ್ಕನೆಯದು ಸೇವೆ. ವಿಳಾಸ ಸೇರಿದ ಮಾತ್ರಕ್ಕೆ ಕಡತಗಳು ತೆರೆದುಕೊಳ್ಳುವುದಿಲ್ಲ. ವೆಬ್ ಸೇವೆಯ ತಂತ್ರಾಂಶವು ಎಲ್ಲ ವಿಳಾಸಗಳಲ್ಲಿಯೂ ಕಿವಿಗೊಡುತ್ತಿದೆಯೇ, ಇಲ್ಲವೇ ಮೊದಲಿನ ಒಂದಕ್ಕೆ ಮಾತ್ರವೇ ಎಂಬುದನ್ನು ನೋಡಬೇಕು. ಫೈರ್‌ವಾಲ್ ನಿಯಮಗಳು ಹೊಸ ವಿಳಾಸವನ್ನು ತಡೆಯುತ್ತಿರಬಹುದು. ನೆರೆಯ ಗಣಕಗಳು ಹಳೆಯ ಯಂತ್ರದ ಮ್ಯಾಕ್ ವಿಳಾಸವನ್ನೇ ಕೆಲಹೊತ್ತು ನೆನಪಿಟ್ಟುಕೊಂಡಿರುತ್ತವೆ. ಆದ್ದರಿಂದ ಮೊದಲ ಕೆಲವು ನಿಮಿಷಗಳಲ್ಲಿ ಸಂಪರ್ಕ ಸಿಗಲಿಲ್ಲವೆಂದು ಎಲ್ಲವನ್ನೂ ಬದಲಿಸಹೊರಡುವುದು ಆತುರದ ಕೆಲಸ.

ಐದನೆಯದು ನಿರ್ಗಮನದ ವಿಳಾಸ. ಹಳೆಯ ವಿಳಾಸಕ್ಕೆ ಬಂದ ಕೋರಿಕೆಗೆ ವೆಬ್ ಸೇವೆಯು ಹಳೆಯ ವಿಳಾಸದಿಂದಲೇ ಉತ್ತರಿಸುತ್ತದೆ. ಆದರೆ ಸರ್ವರ್ ತಾನಾಗಿ ಹೊರಗೆ ಮಾತಾಡಲು ತೊಡಗಿದಾಗ ಸಾಮಾನ್ಯವಾಗಿ ಮೊದಲನೆಯ ವಿಳಾಸವನ್ನೇ ತನ್ನ ಗುರುತಾಗಿ ಬಳಸುತ್ತದೆ. ಕಳುಹಿಸಿದವರ ವಿಳಾಸವನ್ನು ಪರೀಕ್ಷಿಸುವ ಮಿಂಚಂಚೆಯಂಥ ಸೇವೆಗಳಲ್ಲಿ ಈ ವ್ಯತ್ಯಾಸವನ್ನು ಮರೆಯಬಾರದು.

ತೆಗೆಯುವಾಗಿನ ಅಪಾಯ

ಇನ್ನೊಂದು ಸಂದರ್ಭವನ್ನು ನೋಡೋಣ. ಯಂತ್ರ ಬದಲಾಗಲಿಲ್ಲ, ಇದ್ದ ಸರ್ವರಿಗೇ ಹೊಸ ವಿಳಾಸ ಬಂತು. ಆಗ 192.168.10.5 ಮೊದಲನೆಯದು, 192.168.10.25 ಆಮೇಲೆ ಸೇರಿದ್ದು. ಲಿನಕ್ಸ್ ಒಂದೇ ಜಾಲದ ಇಂಥ ವಿಳಾಸಗಳಲ್ಲಿ ಮೊದಲನೆಯದನ್ನು ಪ್ರಧಾನವೆಂದೂ ಉಳಿದವನ್ನು ಅನುಷಂಗಿಕವೆಂದೂ ಎಣಿಸುತ್ತದೆ. ಕೆಲವು ತಿಂಗಳ ಬಳಿಕ ಹಳೆಯದು ಇನ್ನು ಸಾಕೆಂದು ಪ್ರಧಾನ ವಿಳಾಸವನ್ನು ಅಳಿಸಿದರೆ, ಅದನ್ನು ಆಶ್ರಯಿಸಿದ ಅನುಷಂಗಿಕ ವಿಳಾಸವೂ ಅದರೊಡನೆ ಅಳಿಸಿಹೋಗಬಹುದು. ದೂರದಿಂದ ಆಜ್ಞೆ ಕೊಟ್ಟವನು ಅದೇ ಕ್ಷಣದಲ್ಲಿ ಸಂಪರ್ಕವನ್ನೂ ಕಳೆದುಕೊಳ್ಳುತ್ತಾನೆ. ಸರ್ವರಿನ ಮುಂದೆ ಹೋಗಿ ಕುಳಿತೇ ಸರಿಪಡಿಸಬೇಕು.

ಪ್ರಧಾನವು ಹೋದಾಗ ಅನುಷಂಗಿಕವನ್ನು ಅದರ ಸ್ಥಾನಕ್ಕೇರಿಸುವ ‘ಪ್ರಮೋಟ್ ಸೆಕೆಂಡರೀಸ್’ ಎಂಬ ಸಂಯೋಜನೆ ಲಿನಕ್ಸಿನಲ್ಲಿದೆ. ಇಂದಿನ ಹಲವು ಲಿನಕ್ಸ್ ವಿತರಣೆಗಳಲ್ಲಿ ಅದು ಮೊದಲೇ ಜಾರಿಯಲ್ಲಿರುತ್ತದೆ. ಇರುತ್ತದೆಂದು ನಂಬಿ ಕುಳಿತುಕೊಳ್ಳದೆ, ಅಳಿಸುವ ಮುನ್ನ ಪರೀಕ್ಷಿಸುವುದು ವಿವೇಕ. ಇದಕ್ಕಿಂತ ಮುಖ್ಯವಾದುದು ಅಳಿಸುವ ತೀರ್ಮಾನ. ವೆಬ್ ಸೇವೆಯ ದಾಖಲೆಯಲ್ಲಿ ಪ್ರತಿಯೊಂದು ಕೋರಿಕೆ ಯಾವ ವಿಳಾಸಕ್ಕೆ ಬಂತೆಂಬುದನ್ನೂ ಬರೆಯುವಂತೆ ಮಾಡಬಹುದು. ಹಳೆಯ ವಿಳಾಸಕ್ಕೆ ಇನ್ನೂ ಓದುಗರು ಬರುತ್ತಿದ್ದರೆ ಅದನ್ನು ತೆಗೆಯುವ ಕಾಲ ಬಂದಿಲ್ಲವೆಂದೇ ಅರ್ಥ.

ಯಾವಾಗ ಬೇಡ?

ಒಂದು ಕಾಲದಲ್ಲಿ ಪ್ರತಿಯೊಂದು ಜಾಲತಾಣಕ್ಕೂ ಪ್ರತ್ಯೇಕ ಐಪಿ ವಿಳಾಸ ಬೇಕಾಗುತ್ತಿತ್ತು. ಒಂದು ಸರ್ವರಿನಲ್ಲಿ ಹತ್ತು ತಾಣಗಳಿದ್ದರೆ ಅದರ ಇಂಟರ್‌ಫೇಸು ಹತ್ತು ವಿಳಾಸಗಳನ್ನು ಹೊರುತ್ತಿತ್ತು. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1ರಲ್ಲಿ, ಕೋರಿಕೆಯೊಡನೆ ತಾಣದ ಹೆಸರನ್ನೂ ಹೇಳುವುದು ಕಡ್ಡಾಯವಾಯಿತು. ಗೂಢಲಿಪಿಯ ಸಂಪರ್ಕದ ಆರಂಭದಲ್ಲಿಯೇ ಹೆಸರನ್ನು ತಿಳಿಸುವ ಎಸ್‌ಎನ್‌ಐ ಎಂಬ ವಿಸ್ತರಣೆ 2003ರಲ್ಲಿ ರೂಪುಗೊಂಡಿತು. ಆದ್ದರಿಂದ ಇಂದು ಕನ್ನಡ ವಿಕಿಪೀಡಿಯ, ಕನ್ನಡ ವಿಕಿಸೋರ್ಸ್, ಕನ್ನಡ ವಿಕ್ಷನರಿ ಎಂಬ ಬೇರೆ ಬೇರೆ ಹೆಸರುಗಳು ಒಂದೇ ಐಪಿ ವಿಳಾಸಕ್ಕೆ ಕರೆದೊಯ್ದರೂ ಓದುಗನಿಗೆ ಬೇಕಾದ ಪುಟವೇ ಸಿಗುತ್ತದೆ.

ಸಾರ್ವಜನಿಕ ವಿಳಾಸಗಳಾದರೋ ಮಿತವಾದವು. 32 ಬಿಟ್‌ಗಳಿಂದ ಆಗುವುದು ಒಟ್ಟು 4,294,967,296 ವಿಳಾಸಗಳು ಮಾತ್ರ. ಜಗತ್ತಿನ ಕೇಂದ್ರ ಭಂಡಾರದಲ್ಲಿದ್ದ ಕೊನೆಯ ಐದು ದೊಡ್ಡ ಗುಚ್ಛಗಳು 2011ರ ಫೆಬ್ರುವರಿ 3ರಂದು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಹಂಚಿಹೋದವು. ಹೆಸರಿನಿಂದಲೇ ಕೆಲಸ ಸಾಗುವಲ್ಲಿ ಅಂಕಿಗಳನ್ನು ವ್ಯಯಮಾಡುವುದು ಉಚಿತವಲ್ಲ. ಎರಡು ತಂತ್ರಾಂಶಗಳು ಒಂದೇ ಪೋರ್ಟ್ ಸಂಖ್ಯೆಯನ್ನು ಬಯಸುವಾಗ, ಹಳೆಯ ವಿಳಾಸವನ್ನು ಉಳಿಸಬೇಕಾದಾಗ, ಒಂದು ಸರ್ವರ್ ಕೆಟ್ಟರೆ ಅದರ ಸೇವೆಯ ವಿಳಾಸವನ್ನು ಇನ್ನೊಂದು ತಕ್ಷಣ ಹೊರಬೇಕಾದಾಗ ಮಾತ್ರ ಹೆಚ್ಚಿನ ವಿಳಾಸಕ್ಕೆ ಸಮರ್ಥನೆಯಿದೆ.

ಮತ್ತೊಂದು ಮಿತಿಯೂ ಇದೆ. ವಿಳಾಸವು ಜಾಲಕ್ಕೆ ಸೇರಿದ್ದು. ಸಂಗ್ರಹವನ್ನು ಬೇರೊಂದು ಸಂಸ್ಥೆಯ ಜಾಲಕ್ಕೆ ಸಾಗಿಸಿದರೆ 192.168.10.5 ಜೊತೆಗೆ ಬರುವುದಿಲ್ಲ. ಮನೆ ಬಿಟ್ಟವರು ಮನೆಯ ಸಂಖ್ಯೆಯನ್ನು ಕೊಂಡೊಯ್ಯಲಾರರು. ಜೊತೆಗೆ ಬರುವುದು ಹೆಸರು. ಹೆಸರನ್ನು ಅಂಕಿಗೆ ಹೊಂದಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಹೊಸ ಅಂಕಿಯನ್ನು ಬರೆದರೆ ಓದುಗನು ಹಳೆಯ ಹೆಸರಿನಿಂದಲೇ ಹೊಸ ಮನೆಗೆ ಬರುತ್ತಾನೆ. ಆ ಬದಲಾವಣೆ ಎಲ್ಲೆಡೆ ಹರಡುವವರೆಗೆ ಕೆಲವರು ಹಳೆಯ ಅಂಕಿಗೇ ಬರುತ್ತಿರುತ್ತಾರೆ. ಎರಡು ವಿಳಾಸಗಳನ್ನೂ ಜೀವಂತವಾಗಿಡಬೇಕಾದ ಅವಧಿ ಅದು.

ಮೆಟ್ಟುಪಾಳ್ಯಂ ನಿಲ್ದಾಣದ ಪಾಠ

ಐಪಿಯ ಆರನೆಯ ಆವೃತ್ತಿಯಲ್ಲಿ ವಿಳಾಸಗಳಿಗೆ ಬರವಿಲ್ಲ. ಅದರ ವಿಳಾಸ 128 ಬಿಟ್‌ಗಳದು. ಅಲ್ಲಿ ಒಂದು ಇಂಟರ್‌ಫೇಸಿಗೆ ಹಲವು ವಿಳಾಸಗಳಿರುವುದು ವಿಶೇಷವಲ್ಲ, ಸಹಜಸ್ಥಿತಿ. ಆ ತಂತಿಯೊಳಗಷ್ಟೇ ಬಳಕೆಯಾಗುವ ವಿಳಾಸವೊಂದು ಪ್ರತಿ ಇಂಟರ್‌ಫೇಸಿಗೂ ಇರಲೇಬೇಕು; ಹೊರಜಗತ್ತಿನೊಡನೆ ಮಾತಾಡಲು ಇನ್ನೊಂದು. ಜೊತೆಗೆ ನಾಲ್ಕನೆಯ ಆವೃತ್ತಿಯ ವಿಳಾಸವೂ ಅದೇ ದ್ವಾರದಲ್ಲಿ ಉಳಿದಿರುತ್ತದೆ.

ಇದನ್ನು ತಿಳಿಯಲು ಸಿರುಮುಗೈಯಿಂದ ಮೆಟ್ಟುಪಾಳ್ಯಂ ರೈಲು ನಿಲ್ದಾಣಕ್ಕೆ ಬಂದರೆ ಸಾಕು. ಕೊಯಮತ್ತೂರಿನ ಕಡೆಯಿಂದ ಬರುವುದು 1,676 ಮಿಲಿಮೀಟರ್ ಅಗಲದ ಬ್ರಾಡ್‌ಗೇಜ್ ಹಳಿ. ನೀಲಗಿರಿಯತ್ತ ಹೊರಡುವುದು 1,000 ಮಿಲಿಮೀಟರ್ ಅಗಲದ ಮೀಟರ್‌ಗೇಜ್ ಹಳಿ. ಈ ಬೆಟ್ಟದ ಹಾದಿ 1899ರಲ್ಲಿ ಕೂನೂರನ್ನು ಮುಟ್ಟಿತು, 1908ರಲ್ಲಿ ಉದಕಮಂಡಲವನ್ನು ಸೇರಿತು; 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಬಂತು. ಒಂದು ಹಳಿಯ ಗಾಡಿ ಇನ್ನೊಂದರ ಮೇಲೆ ಓಡಲಾರದು. ಆದರೆ ನಿಲ್ದಾಣ ಒಂದೇ. ಎರಡೂ ಬಗೆಯ ಗಾಡಿಗಳಿಗೆ ಅದು ಸ್ಥಾನ ಕೊಟ್ಟಿದೆ. ಹಾಗೆಯೇ ನಾಲ್ಕನೆಯ ಆವೃತ್ತಿಯ ಪ್ಯಾಕೆಟ್ಟು ಆರನೆಯದರ ವಿಳಾಸಕ್ಕೆ ನೇರವಾಗಿ ಹೋಗಲಾರದು. ಎರಡೂ ವಿಳಾಸಗಳನ್ನು ಹೊತ್ತ ಇಂಟರ್‌ಫೇಸು ಮಾತ್ರ ಎರಡೂ ಕಡೆಯ ಓದುಗರನ್ನು ಬರಮಾಡಿಕೊಳ್ಳಬಲ್ಲದು. ದೊಡ್ಡ ಹಳಿ ಬಂತೆಂದು ಬೆಟ್ಟದ ಹಳಿಯನ್ನು ಕಿತ್ತಿದ್ದರೆ ಬೆಟ್ಟಕ್ಕೆ ಹೋಗುವವರ ಗತಿಯೇನಾಗುತ್ತಿತ್ತು ಎಂದು ಯೋಚಿಸಬೇಕು.

ಸಮಾರೋಪ

ವಿಳಾಸ ವಸ್ತುವಲ್ಲ, ವಸ್ತುವಿಗೂ ಓದುಗನಿಗೂ ನಡುವಣ ಒಪ್ಪಂದ. ಅದನ್ನು ಒಂದು ಕಡೆಯವರು ಮಾತ್ರ ಮುರಿದರೆ ಇನ್ನೊಂದು ಕಡೆಯವರಿಗೆ ತಿಳಿಯುವುದೇ ಇಲ್ಲ. ಶಾಸನ ಸಂಪುಟಗಳನ್ನು ಪರಿಷ್ಕರಿಸಿದವರು ಹಳೆಯ ಸಂಖ್ಯೆಗೆ ಆವರಣದೊಳಗೆ ಒಂದಿಷ್ಟು ಜಾಗ ಕೊಟ್ಟರು. ಸರ್ವರನ್ನು ನೋಡಿಕೊಳ್ಳುವವರು ಇಂಟರ್‌ಫೇಸಿನ ಪಟ್ಟಿಯಲ್ಲಿ ಒಂದು ಸಾಲನ್ನು ಕೊಡುತ್ತಾರೆ. ವಿದ್ಯಾರ್ಥಿಗಳ ಪಾಲಿಗೂ ಒಂದು ಕರ್ತವ್ಯವಿದೆ: ಅಡಿಟಿಪ್ಪಣಿಯಲ್ಲಿ ಬರಿಯ ಅಂಕಿಯ ವಿಳಾಸವನ್ನು ಬರೆಯದೆ ಸಂಗ್ರಹದ ಹೆಸರು, ಕಡತದ ಶೀರ್ಷಿಕೆ, ಮುದ್ರಿಸಿದ ದಿನಾಂಕ, ನೋಡಿದ ದಿನಾಂಕ ಇವನ್ನೂ ಬರೆಯಬೇಕು. ವಿಳಾಸ ತಪ್ಪಿದರೂ ಹುಡುಕುವವನಿಗೆ ಆಗ ಒಂದು ಎಳೆಯಾದರೂ ಕೈಗೆ ಸಿಕ್ಕುತ್ತದೆ.

ಅಭ್ಯಾಸ

1. ಐಪಿ ವಿಳಾಸವು ಗಣಕಕ್ಕಲ್ಲ, ಇಂಟರ್‌ಫೇಸಿಗೆ ಸೇರಿದ್ದು ಎಂಬ ಮಾತನ್ನು ವಿವರಿಸಿ.
2. ಒಂದು ಇಂಟರ್‌ಫೇಸು ಎರಡು ಐಪಿ ವಿಳಾಸಗಳ ಕರೆಗೆ ಒಂದೇ ಮ್ಯಾಕ್ ವಿಳಾಸದಿಂದ ಓಗೊಡುವ ಬಗೆಯನ್ನು ಬರೆಯಿರಿ. ಇದರಿಂದ ಸಾಗಣೆಯ ಸಾಮರ್ಥ್ಯ ಏಕೆ ಹೆಚ್ಚುವುದಿಲ್ಲ?
3. ಪ್ರಧಾನ ವಿಳಾಸವನ್ನು ಅಳಿಸುವ ಮುನ್ನ ಪರೀಕ್ಷಿಸಬೇಕಾದ ಸಂಗತಿಗಳು ಯಾವುವು?
4. ಶ್ರವಣಬೆಳಗೊಳದ ಯಾವುದಾದರೂ ಒಂದು ಶಾಸನವನ್ನು ಆಯ್ದುಕೊಂಡು, ಬೇರೆ ಬೇರೆ ಸಂಪುಟಗಳಲ್ಲಿ ಅದರ ಸಂಖ್ಯೆಗಳನ್ನು ಗ್ರಂಥಾಲಯದಲ್ಲಿ ಹೋಲಿಸಿ ನೋಡಿ. ಹಳೆಯ ಲೇಖನವೊಂದರ ಉಲ್ಲೇಖದಿಂದ ಹೊರಟು ಆ ಶಾಸನವನ್ನು ತಲುಪಲು ಎಷ್ಟು ಹೆಜ್ಜೆಗಳು ಬೇಕಾದವೆಂದು ದಾಖಲಿಸಿ.